ದೋಟಿಗೆ ಸಿಕ್ಕಿದ ಸೀರೆ

ಆಶಾರಾಣಿಗೆ ಅನುಮಾನ ಬಂದದ್ದು ಅತ್ತೆಯ ಜಡೆ ನೋಡಿ.

ಕಂಪನಿ ಬಸ್ಸು ನಂಗಲಿಯ ಹೆದ್ದಾರಿ ಪಕ್ಕ ಇಳಿಸಿ ಹೋದ ಮೇಲೆ ಊರಿಗೆ ಒಂದಿಷ್ಟು ದೂರ ನಡೆಯಬೇಕು. ಅವತ್ತು ಸಂಜೆ ನಡೆದು ಬಂದು, ಜಗಲಿಯ ಮೇಲೆ ಮಡಚಿಟ್ಟಿದ್ದ ಗಾಲಿ ಕುರ್ಚಿಯಿಂದ ಕೋಳಿಯನ್ನು ಓಡಿಸಿ, ಬೀಗ ತೆಗೆದು, ಗೇಣೆತ್ತರದ ಹೊಸ್ತಿಲು ದಾಟಿ ಒಳಗೆ ಹೋದರೆ, ನಡುಮನೆಯ ಮಂಚದ ಮೇಲೆ ಅತ್ತೆ ಆವಲಮ್ಮ ಮದುವೆಗೆ ಹೊರಟವಳ ಹಾಗೆ ಮಲಗಿದ್ದಾಳೆ. ತಲೆಗೆ ಎಣ್ಣೆ, ಬಿಗಿಯಾಗಿ ಹೆಣೆದ ಜಡೆ, ಜಡೆಗೊಂದು ತುಂಡು ಕನಕಾಂಬರ. ಬೆಳಿಗ್ಗೆ ಆಶಾರಾಣಿ ಗಡಿಬಿಡಿಯಲ್ಲಿ ಬಾಚಿ ರಬ್ಬರ್ ಬ್ಯಾಂಡು ಸಿಕ್ಕಿಸಿ ಹೋಗಿದ್ದ ತಲೆ ಅದು. ಆ ರಬ್ಬರ್ ಬ್ಯಾಂಡು ದಿಂಬಿನ ಪಕ್ಕದಲ್ಲಿ ಬಿದ್ದಿತ್ತು.

ಆವಲಮ್ಮನಿಗೆ ಯುಗಾದಿಯ ಆಸುಪಾಸಿನಲ್ಲಿ ಲಕ್ವ ಹೊಡೆದಿತ್ತು. ಬಲಭಾಗ ಪೂರ್ತಿ ಬಿದ್ದುಹೋಯಿತು, ಮಾತೂ ನಿಂತಿತು. ಎಡಗೈ, ಕಣ್ಣು, ಹಟ, ಇವು ಮಾತ್ರ ಮೊದಲಿನಂತೆಯೇ ಉಳಿದವು. ಅವಳನ್ನು ಯಾರು ನೋಡಿಕೊಳ್ಳಬೇಕು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಯಾರೂ ಕೇಳದಿದ್ದರೆ ಅದು ಸೊಸೆಯ ತಲೆಗೇ ಬರುತ್ತದೆ, ಇದು ಲೋಕದ ರೂಢಿ. ಬೆಳಗಾಗುವ ಮುಂಚೆ ಎದ್ದು ಅತ್ತೆಯ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಅಡುಗೆ ಮುಗಿಸಿ ಬಸ್ಸಿಗೆ ಓಡುವುದು. ನರಸಾಪುರದ ಕಡೆಯ ಕಂಪನಿಯಲ್ಲಿ ದಿನವೆಲ್ಲ ನಿಂತು ಕಾರಿನ ವೈರುಗಳ ಕಟ್ಟು ಕಟ್ಟುವುದು. ಸಂಜೆ ಬಂದು ಮತ್ತೆ ಒರೆಸುವುದು, ಕುಡಿಸುವುದು. ಒಂದು ಕೆಲಸಕ್ಕೆ ಸಂಬಳ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ತಡವಾದರೆ ಬೈಗುಳ ಮಾತ್ರ ಎರಡರಲ್ಲೂ ಇತ್ತು.

ಮಧ್ಯಾಹ್ನದ ಪಾಳಿ ಗಂಡ ಉದಯಕುಮಾರನದು. ಅವನು ವಡ್ಡಹಳ್ಳಿ ಮಂಡಿಗೆ ಟೊಮೆಟೊ ಸಾಗಿಸುವ ಟೆಂಪೋ ಇಟ್ಟುಕೊಂಡಿದ್ದ. ಒಂದು ಲೋಡಿಗೂ ಇನ್ನೊಂದಕ್ಕೂ ನಡುವೆ ಮನೆಗೆ ಬಂದು ತಾಯಿಗೆ ಉಣಿಸಿ, ಮಗ್ಗುಲು ಬದಲಿಸಿ ಹೋಗಬೇಕು ಎಂದು ಒಪ್ಪಂದ. ಗಂಡ ಹೆಂಡಿರೇನೋ ಒಪ್ಪಿದ್ದರು, ಟೊಮೆಟೊ ಒಪ್ಪಬೇಕಲ್ಲ. ಮಂಡಿಯಲ್ಲಿ ಲೋಡು ಇಳಿಯದ ದಿನ ಅವನು ಬರುವಷ್ಟರಲ್ಲಿ ಮಧ್ಯಾಹ್ನ ಮುಗಿದೇ ಹೋಗಿರುತ್ತಿತ್ತು. ಅಂಥ ದಿನ ಆಶಾರಾಣಿಗೆ ಫೋನು ಬರುತ್ತಿತ್ತು, ಅವಳು ಅರ್ಧ ದಿನ ರಜಾ ಹಾಕಿ ಸಿಕ್ಕ ಬಸ್ಸು ಹತ್ತಿ ಬರುತ್ತಿದ್ದಳು.

ಆ ರಜಾಗಳೇ ಈಗ ಕುತ್ತಿಗೆಗೆ ಬಂದಿದ್ದವು. ಕಂಪನಿ ಆಫೀಸಿನ ಅರ್ಪಿತ ಅವಳನ್ನು ಕರೆದು ಕೂರಿಸಿ ನೇರವಾಗಿ ಹೇಳಿದ್ದಳು. ಲೈನ್ ಲೀಡರ್ ಜಾಗ ಖಾಲಿ ಇದೆ, ಅವಳಿಗೇ ಕೊಡಬೇಕೆಂದಿದ್ದಾರೆ, ಕೆಲಸ ಕಾಯಂ ಆಗುತ್ತದೆ. ಆದರೆ ಹೀಗೆ ನಡುನಡುವೆ ಎದ್ದು ಓಡುವ ಹಾಗಿಲ್ಲ. ಒಪ್ಪದಿದ್ದರೆ ಕಾಂಟ್ರಾಕ್ಟು ಮುಂದುವರಿಯುವುದಿಲ್ಲ. ಸೋಮವಾರ ತೀರ್ಮಾನ ಹೇಳಬೇಕು.

ಆ ಕೆಲಸವೆಂದರೆ ಆಶಾರಾಣಿಗೆ ಪ್ರಾಣ. ಕೆಂಪು ದಾರದಲ್ಲಿ ತನ್ನ ಫೋಟೋ ಇರುವ ಕಂಪನಿ ಕಾರ್ಡು ಕತ್ತಿಗೆ ಹಾಕಿಕೊಂಡು ಬಸ್ಸು ಹತ್ತುವುದೆಂದರೆ ಇಷ್ಟ. ಸಿಕ್ಕುಸಿಕ್ಕಾದ ವೈರುಗಳು ತನ್ನ ಬೆರಳಿಗೆ ಬಂದು ಸಲೀಸಾಗುವುದು ಇಷ್ಟ. ಹಾಗಂತ ಮಂಚದ ಮೇಲೆ ಬಿದ್ದವರನ್ನು ಬಿಟ್ಟು ಹೋಗಲಿಕ್ಕಾಗುತ್ತದೆಯೇ? ಸೋಮವಾರ ಹೋಗಿ ಆಗುವುದಿಲ್ಲ ಎಂದು ಹೇಳಿಬಿಡುವುದು ಎಂದು ಅವಳು ಮನಸ್ಸು ಕಲ್ಲು ಮಾಡಿಕೊಂಡಿದ್ದಳು. ಅಷ್ಟರಲ್ಲಿ ಈ ಜಡೆ ಬಂತು.

"ಏನ್ರೀ, ಅತ್ತೆಗೆ ಜಡೆ ಹಾಕಿದ್ದು ನೀವೇನಾ?" ಎಂದಳು ಗಂಡ ಊಟಕ್ಕೆ ಕೂತಾಗ.

ಉದಯಕುಮಾರ ಮುದ್ದೆ ಮುರಿಯುತ್ತ ತಲೆ ಎತ್ತದೆ, "ಊಂ, ಏನೋ ಹಂಗೇ" ಎಂದ.

ಆಶಾರಾಣಿಗೆ ಖುಷಿಯಾಗಿ ಇನ್ನೊಂದು ಸೌಟು ಬಸ್ಸಾರು ಬಡಿಸಿದಳು. ಆಮೇಲೆ ಯೋಚನೆ ಹತ್ತಿತು. ಈ ಮನುಷ್ಯ ತನ್ನ ತಲೆಯನ್ನೇ ನೆಟ್ಟಗೆ ಬಾಚಿಕೊಳ್ಳುವುದಿಲ್ಲ, ಕನಕಾಂಬರ ಎಲ್ಲಿಂದ ತಂದ?

ಮರುದಿನ ಅತ್ತೆಯ ಸೀರೆ ಬದಲಾಗಿತ್ತು. ಸೀರೆಗಳೆಲ್ಲ ಒಳಕೋಣೆಯಲ್ಲಿ ಹಗ್ಗದ ಮೇಲೆ ಇರುತ್ತಿದ್ದವು. ಬಾಗಿಲಿಗೆ ಹತ್ತಿರವಿದ್ದದ್ದು ಮಾತ್ರ ಹೋಗಿತ್ತು, ಅದರ ಪಕ್ಕದ್ದು ಎಳೆದಾಟಕ್ಕೆ ಸಿಕ್ಕಿ ನೆಲಕ್ಕೆ ಬಿದ್ದಿತ್ತು. ಅತ್ತೆ ಉಟ್ಟಿದ್ದ ಸೀರೆಯ ಅಂಚಿನಲ್ಲಿ ಮೊಳೆ ತಾಗಿದ ಹಾಗೆ ಸಣ್ಣದೊಂದು ತೂತು. ಕೋಣೆಯೊಳಗೆ ಕಾಲಿಟ್ಟವರು ಯಾರಾದರೂ ಸೀರೆಯನ್ನು ಹೀಗೇಕೆ ಕಿತ್ತು ತೆಗೆಯುತ್ತಾರೆ? ಅತ್ತೆಯ ತುಟಿಯ ಹತ್ತಿರ ಮೂಗು ತಂದರೆ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಆಶಾರಾಣಿ ಇಟ್ಟು ಹೋಗಿದ್ದ ಅನ್ನ, ಮಜ್ಜಿಗೆ ಮುಚ್ಚಿದ ಹಾಗೇ ಇದ್ದವು.

"ಈಗ ನಿಜ ಹೇಳಿ" ಎಂದು ಗಂಡನನ್ನು ಅಡ್ಡಗಟ್ಟಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಅವನ ಕೈ ತಾನಾಗಿ ತಲೆಗೂದಲಿಗೆ ಹೋಯಿತು. "ನಾನು ಬರೋಷ್ಟರಲ್ಲಿ ಎಲ್ಲಾ ಆಗಿರುತ್ತೆ ಆಶಾ. ಅಮ್ಮ ಊಟ ಬೇಡ ಅಂತ ಕೈ ಅಲ್ಲಾಡಿಸುತ್ತೆ. ನೀನೇ ಯಾರಿಗೋ ಹೇಳಿ ಹೋಗಿದ್ದೀಯ ಅನ್ಕೊಂಡೆ."

"ಮತ್ತೆ ನಿನ್ನೆ ಊಂ ಅಂದ್ರಿ?"

"ನೀನು ಅಷ್ಟು ಪ್ರೀತಿಯಿಂದ ಕೇಳಿದೆ, ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ."

ಗಂಡಸರ ವಿಷಯ ಗೊತ್ತೇ ಇದೆಯಲ್ಲ. ಮಾಡದ ಕೆಲಸಕ್ಕೆ ಹೊಗಳಿಕೆ ಬಂದರೂ ಬೇಡ ಎನ್ನುವುದಿಲ್ಲ. ಆದರೆ ವಿಷಯ ತಿಳಿದ ಮೇಲೆ ಉದಯಕುಮಾರನಿಗೆ ದಿಗಿಲಾಯಿತು. ಮುಂಬಾಗಿಲ ಬೀಗ ಬೀಗದ ಹಾಗೇ ಇದೆ, ಒಳಗೆ ಯಾರೋ ಬಂದು ಹೋಗುತ್ತಿದ್ದಾರೆ. ಕಳ್ಳರೇನಾದರೂ ಇರಬಹುದೇ ಎಂದ.

"ಜಡೆ ಹಾಕಿ ಹೋಗೋ ಕಳ್ಳರು ಯಾವೂರಲ್ಲಿ ಅವ್ರೆ?" ಎಂದಳು ಆಶಾರಾಣಿ.

ಅವನು ಕೇಳಲಿಲ್ಲ. ಮನೆಯ ಹಿಂದೆ ದನದ ಕೊಟ್ಟಿಗೆ. ಹಸುಗಳನ್ನು ಮಾರಿದ ಮೇಲೆ ಅದು ಖಾಲಿ ಬಿದ್ದಿತ್ತು. ಕೊಟ್ಟಿಗೆಯಿಂದ ನಡುಮನೆಗೆ ಒಂದು ಅಗಲವಾದ ಕಂಡಿ, ಅದಕ್ಕೆ ಬಾಗಿಲಿರಲಿಲ್ಲ. ಹೊರಗಡೆ ಒಂದು ಬಿದಿರು ತಡಿಕೆ, ಅದಕ್ಕೊಂದು ಹಗ್ಗ, ಅಷ್ಟೇ. ಬಂದವರು ಅಲ್ಲಿಂದಲೇ ಬಂದಿರಬೇಕು. ಭಾನುವಾರ ಮೇಸ್ತ್ರಿ ಆಂಜಿಯನ್ನು ಕರೆಸಿ ಆ ಕಂಡಿಗೆ ಗೋಡೆ ಎಬ್ಬಿಸಿಬಿಡುತ್ತೇನೆ ಎಂದು ಹೇಳಿ, ಅವತ್ತೇ ಇಟ್ಟಿಗೆ ತಂದು ಸುರಿದ.

ಆಶಾರಾಣಿಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚಾಗಿತ್ತು. ಅತ್ತೆಯ ಪಕ್ಕ ಕೂತು ಊರಿನ ಹೆಂಗಸರ ಹೆಸರನ್ನೆಲ್ಲ ಒಂದೊಂದಾಗಿ ಹೇಳುತ್ತ ಬಂದಳು, ಹೌದಾದರೆ ಕೈ ಎತ್ತು ಅತ್ತೆ ಎಂದಳು. ಆವಲಮ್ಮ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವಳಂತೆ ನಟಿಸಿದಳು. ನಿದ್ದೆ ಬಂದವರ ತುಟಿ ಹಾಗೆ ಕುಣಿಯುವುದಿಲ್ಲ. ಮುದುಕಿ ನಗು ತಡೆದುಕೊಂಡಿದ್ದಳು. ಲಕ್ವ ಹೊಡೆದ ಮೇಲೆ ಅತ್ತೆ ನಕ್ಕದ್ದನ್ನು ಆಶಾರಾಣಿ ನೋಡಿರಲಿಲ್ಲ, ನೋಡಿ ಹೊಟ್ಟೆ ತಣ್ಣಗಾಯಿತು.

ಎದುರುಮನೆಯ ವಾಣಿಶ್ರೀಯನ್ನೂ ಸುತ್ತಿಬಳಸಿ ಕೇಳಿ ನೋಡಿದಳು.

"ನಾನಾ?" ಎಂದಳು ವಾಣಿಶ್ರೀ. "ನಮ್ಮತ್ತೆಗೇ ನಾನು ಇನ್ನೂ ಜಡೆ ಹಾಕಿಲ್ಲ ಕಣೇ, ನಿಮ್ಮತ್ತೆಗೆ ಹಾಕ್ತೀನಾ?"

ಆ ಮಾತು ನಿಜವೇ ಇತ್ತು. ಹಾಗಾದರೆ ಇನ್ಯಾರು? ಬಂದವರ ಕೈ ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಈ ಕೈಯನ್ನು ನಂಬಬಹುದಾದರೆ ಸೋಮವಾರ ಅರ್ಪಿತಳಿಗೆ ಹೂಂ ಎನ್ನಬಹುದು. ಆದರೆ ಯಾರೆಂದೇ ಗೊತ್ತಿಲ್ಲದ ಕೈಗೆ ಮಾತು ಬಾರದ ಜೀವವನ್ನು ಒಪ್ಪಿಸಿ ಹೋಗುವುದು ಹೇಗೆ?

ಎರಡನೇ ಶನಿವಾರ ಕಂಪನಿಗೆ ರಜೆ. ಆಶಾರಾಣಿ ಮನೆಯಲ್ಲಿ ಆ ಮಾತೆತ್ತಲಿಲ್ಲ. ದಿನದಂತೆಯೇ ಕೆಲಸ ಮುಗಿಸಿ, ಕೆಂಪು ದಾರ ಕತ್ತಿಗೆ ಹಾಕಿಕೊಂಡು, ಬೀಗ ಜಡಿದು ಹೆದ್ದಾರಿ ಕಡೆ ಹೊರಟಳು. ಹುಣಿಸೆಮರದ ತಿರುವಿನಲ್ಲಿ ಬಲಕ್ಕೆ ಹೊರಳಿ, ಟೊಮೆಟೊ ತೋಟದ ಬದುವಿನ ಮೇಲೆ ಬಳಸಿಕೊಂಡು ತನ್ನ ಮನೆಯ ಹಿತ್ತಲಿಗೇ ಬಂದು ಹುಲ್ಲಿನ ಮೆದೆಯ ಹಿಂದೆ ಕೂತಳು. ತನ್ನ ಮನೆಗೆ ತಾನೇ ಕಳ್ಳಿಯ ಹಾಗೆ ಬಂದೆನಲ್ಲ ಎಂದು ಅವಳಿಗೇ ನಗು ಬಂತು. ಸೊಳ್ಳೆ ಕಚ್ಚಿದವು, ಹುಲ್ಲು ಚುಚ್ಚಿತು, ಬಿಸಿಲು ಏರಿತು.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಹಿಂಬಾಗಿಲು ಕಿರುಗುಟ್ಟಿತು. ಸೆರಗಿನಡಿ ಒಂದು ಪಾತ್ರೆ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಮಾವಿನಕಾಯಿ ಕೀಳುವ ದೋಟಿ ಹಿಡಿದುಕೊಂಡು ಬಂದವಳನ್ನು ನೋಡಿ ಆಶಾರಾಣಿಯ ಬಾಯಿ ತೆರೆದದ್ದು ಮುಚ್ಚಲಿಲ್ಲ. ಊರಿನ ಹೆಂಗಸರನ್ನೆಲ್ಲ ಎಣಿಸಿದ್ದವಳು ಈ ಒಬ್ಬಳ ಹೆಸರನ್ನು ಮಾತ್ರ ಬಿಟ್ಟಿದ್ದಳು. ಬಂದವಳು ಶಾಮಲಮ್ಮ, ಅತ್ತೆಯ ವಾರಗಿತ್ತಿ.

ಯಾಕೆ ಬಿಟ್ಟಿದ್ದಳು ಎಂಬುದಕ್ಕೆ ಹಳೆಯ ಕತೆ ಇದೆ. ಆವಲಮ್ಮ ಹಿರಿಯಣ್ಣನ ಹೆಂಡತಿ, ಶಾಮಲಮ್ಮ ತಮ್ಮನ ಹೆಂಡತಿ. ಪಾಲಾದಾಗ ಒಂದು ಮನೆಗೆ ನಡುವೆ ಗೋಡೆ ಎದ್ದು ಎರಡಾಯಿತು. ಹೊಲ, ಹಸು, ಹಂಡೆ ಎಲ್ಲಾ ಸುಸೂತ್ರವಾಗಿ ಪಾಲಾದವು. ಒರಳುಕಲ್ಲು ಒಂದೇ ಇತ್ತು, ಕಲ್ಲನ್ನು ಸೀಳಲಿಕ್ಕಾಗುವುದಿಲ್ಲವಲ್ಲ. ಅದಕ್ಕಾಗಿ ಇಬ್ಬರೂ ಬೀದಿಯಲ್ಲಿ ನಿಂತು ಆಡಬಾರದ್ದನ್ನೆಲ್ಲ ಆಡಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೊನೆಗೆ ಶಾಮಲಮ್ಮ, "ಇನ್ನು ನಿನ್ನ ಮನೆ ಹೊಸ್ತಿಲು ತುಳಿದ್ರೆ ಕಾಣಿಪಾಕದ ವಿನಾಯಕನ ಆಣೆ" ಎಂದಳು. ಆವಲಮ್ಮ ಬಿಟ್ಟಾಳೆಯೇ? "ನಿನ್ನ ಹೊಸ್ತಿಲು ತುಳಿದ್ರೆ ನನಗೂ ಅದೇ ಆಣೆ" ಎಂದಳು.

ಈ ಕಡೆಯವರಿಗೆ ಕಾಣಿಪಾಕದ ಆಣೆ ಎಂದರೆ ತಮಾಷೆಯಲ್ಲ. ಗಡಿಯಾಚೆ ಕೂತಿರುವ ಆ ದೇವರ ಮುಂದೆ ಸುಳ್ಳಾಡಲು ಎಂಥ ಭಂಡನೂ ಹೆದರುತ್ತಾನೆ. ಗಂಡಂದಿರು ತೀರಿಕೊಂಡಾಗಲೂ ಆ ಹೆಂಗಸರು ಒಬ್ಬರ ಮನೆ ಮುಂದೆ ಇನ್ನೊಬ್ಬರು ಬೀದಿಯಲ್ಲಿ ನಿಂತು ಅತ್ತು ಹೋದರೇ ಹೊರತು ಹೊಸ್ತಿಲು ದಾಟಲಿಲ್ಲ. ಆಮೇಲೆ ಎರಡು ಮನೆಗೂ ಮಿಕ್ಸಿ ಬಂತು. ಒರಳುಕಲ್ಲು ಈಗ ಕೊಟ್ಟಿಗೆಯ ಮೂಲೆಯಲ್ಲಿತ್ತು, ಅದರಲ್ಲಿ ಕೋಳಿಗಳು ನೀರು ಕುಡಿಯುತ್ತಿದ್ದವು.

ಶಾಮಲಮ್ಮ ತಡಿಕೆಯ ಹಗ್ಗ ಬಿಚ್ಚಿ, ಒರಳನ್ನು ಬಳಸಿಕೊಂಡು, ಕಂಡಿಯ ಹತ್ತಿರ ಬಂದಳು. ಅಲ್ಲಿ ಹೊಸ್ತಿಲಿಲ್ಲ. ದನ ಎಡವಬಾರದೆಂದು ಹಿಂದಿನವರು ಬರೀ ಕಲ್ಲಿನ ಇಳಿಜಾರು ಹಾಸಿದ್ದರು. ಅವಳು ಕೆಳಗೊಮ್ಮೆ ನೋಡಿ, ಕೈ ಮುಗಿದು, ಒಳಗೆ ಹೋದಳು. ಆಶಾರಾಣಿ ಬಗ್ಗಿಕೊಂಡು ಬಂದು ತಡಿಕೆಯ ಸಂದಿಗೆ ಕಣ್ಣಿಟ್ಟಳು.

"ಏಂದಿ ಮಹಾತಾಯಿ, ಎಚ್ಚರ ಇದ್ದೀಯಾ?" ಶಾಮಲಮ್ಮ ಮಂಚದ ಅಂಚಿಗೆ ಕೂತು ಪಾತ್ರೆಯ ಮುಚ್ಚಳ ತೆಗೆದಳು. "ಅವತ್ತು ಬೀದೀಲಿ ಏನ್ ಬಾಯಿ ಮಾಡಿದ್ದೆ. ಈಗ ಮಾಡು ನೋಡೋಣ. ಬಾಯಿ ತೆಗಿ. ಹಂಗಲ್ಲ, ಜಗಳಕ್ಕೆ ತೆಗೀತಿದ್ಯಲ್ಲ, ಹಂಗೆ."

ಆವಲಮ್ಮನ ಅರ್ಧ ಬಾಯಿ ನಕ್ಕಿತು. ಶಾಮಲಮ್ಮ ಬೈಯುತ್ತ ಬೈಯುತ್ತ ಒಂದೊಂದೇ ಚಮಚ ಗಂಜಿ ಕುಡಿಸಿದಳು, ಸೆರಗಿನಿಂದ ತುಟಿ ಒರೆಸಿದಳು.

"ಬೆಳಿಗ್ಗೆ ನಿನ್ನ ಸೊಸೆ ಓಡೋದು ನೋಡಿದ್ದೀಯಾ ಅಕ್ಕಾ? ಕಾಲಲ್ಲಿ ಒಂದು ಚಪ್ಪಲಿ, ಕೈಲಿ ಒಂದು. ಪಾಪಂ. ನಾವು ಕೂಲಿಗೆ ಹೋಗೋವಾಗ ನಾನಿಲ್ದಿದ್ರೆ ನೀನು, ನೀನಿಲ್ದಿದ್ರೆ ನಾನು, ಯಾರಾದ್ರೂ ಒಬ್ರು ಮಕ್ಕಳನ್ನ ನೋಡ್ಕೊಂತಿದ್ವಿ. ಅವಳಿಗೆ ಯಾರವ್ರೆ? ವಾರಗಿತ್ತಿ ಇಲ್ದೋಳು." ಪಾತ್ರೆಗೆ ಮುಚ್ಚಳ ಹಾಕಿ ಮತ್ತೆ ಅಂದಳು: "ಆದ್ರೆ ಅವಳಿಗೆ ಗೊತ್ತಾಗಬಾರ್ದು. ಅವಳಿಗೆ ಗೊತ್ತಾದ್ರೆ ಉದಯನಿಗೆ, ಅವನಿಂದ ಊರಿಗೆ. ಆಣೆ ಮುರಿದೋಳು ಅಂತಾರೆ. ಅವತ್ತಿಗೆ ನಾನು ಬರೋದು ನಿಂತೋಯ್ತು. ನಾನೇನು ಮುರಿದಿಲ್ಲಪ್ಪ. ದನದ ದಾರೀಲಿ ಬರ್ತೀನಿ, ದನದ ಹಂಗೇ ಹೋಗ್ತೀನಿ."

ಸೀರೆ ಬದಲಿಸುವ ಹೊತ್ತಾಯಿತು. ಒಳಕೋಣೆಗೆ ಹೊಸ್ತಿಲಿತ್ತು. ಶಾಮಲಮ್ಮ ಆ ಹೊಸ್ತಿಲಿಗೆ ಬೆರಳೂ ತಾಗದ ಹಾಗೆ ಈಚೆ ನಿಂತು, ದೋಟಿಯನ್ನು ಒಳಗೆ ಚಾಚಿ, ಹಗ್ಗದ ಮೇಲಿನ ಸೀರೆಗೆ ಕೊಕ್ಕೆ ಹಾಕಿ ಎಳೆಯತೊಡಗಿದಳು. ಮಾವಿನ ತೋಪಿನಲ್ಲಿ ಕಾಯಿ ಕಿತ್ತ ಕೈ ಅದು, ಗುರಿ ತಪ್ಪಲಿಲ್ಲ. ಸೀರೆ ತೂಗಾಡುತ್ತ ಬಂದು ಅವಳ ತಲೆಯ ಮೇಲೆ ಬಿತ್ತು.

ಆಶಾರಾಣಿ ನಗು ತಡೆಯಲಾರದೆ ಕತ್ತಿನ ಕೆಂಪು ದಾರವನ್ನು ಕಚ್ಚಿ ಹಿಡಿದಳು. ನೋಡುತ್ತ ನೋಡುತ್ತ ಆ ನಗು ಅಳುವಾಯಿತು. ಓಡಿಹೋಗಿ ಆ ಕಾಲು ಹಿಡಿದುಕೊಳ್ಳಬೇಕು ಎನ್ನಿಸಿತು. ಹಿಡಿದರೆ ನಾಳೆಯಿಂದ ಆ ಕಾಲು ಬರುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ಈ ಹೆಂಗಸನ್ನು ಕಂಡರೆ ಮುಖ ತಿರುಗಿಸಬೇಕು ಎಂದು ಅವಳಿಗೆ ಹೇಳಿಕೊಟ್ಟಿದ್ದರು, ಅವಳೂ ತಿರುಗಿಸಿದ್ದಳು. ನೆನೆದು ಬಹಳ ನಾಚಿಕೆಯಾಯಿತು. ಸದ್ದಿಲ್ಲದೆ ಮೆದೆಯ ಹಿಂದೆ ಸರಿದು ಬದುವಿನ ದಾರಿ ಹಿಡಿದಳು.

ಈಗ ಗಂಟಲಿಗೆ ಸಿಕ್ಕಿದ ಮುಳ್ಳು ಆ ಇಟ್ಟಿಗೆಗಳು. ಗೋಡೆ ಬೇಡ ಎಂದರೆ ಗಂಡ ಯಾಕೆ ಎನ್ನುತ್ತಾನೆ. ಯಾಕೆಂದು ಹೇಳಿದರೆ ಎಲ್ಲ ಮುಗಿಯಿತು. ಗೋಡೆ ಎದ್ದರೂ ಮುಗಿಯಿತು. ಸಂಜೆ ಕೆಲಸದಿಂದ ಬಂದವಳಂತೆ ಬಂದು, ಗಾಲಿ ಕುರ್ಚಿಯ ಮೇಲಿನ ಕೋಳಿಯನ್ನು ದಿನದಂತೆ ಓಡಿಸಲು ಕೈ ಎತ್ತಿದವಳು ಹಾಗೇ ನಿಂತಳು. ಪಂಚಾಯಿತಿಯಿಂದ ಬಂದ ಆ ಕುರ್ಚಿ ಒಂದು ದಿನವೂ ಒಳಗೆ ಹೋಗಿರಲಿಲ್ಲ. ಗೇಣೆತ್ತರದ ಹೊಸ್ತಿಲಿನ ಮೇಲೆ ಕುರ್ಚಿಯನ್ನೂ ಅತ್ತೆಯನ್ನೂ ಎತ್ತಿ ದಾಟಿಸುವ ಶಕ್ತಿ ಅವಳಿಗಿರಲಿಲ್ಲ. ಅವಳು ಕುರ್ಚಿಯನ್ನು ನೋಡಿದಳು, ಹೊಸ್ತಿಲನ್ನು ನೋಡಿದಳು.

ಭಾನುವಾರ ಬೆಳಿಗ್ಗೆ ಆಂಜಿ ಕರಣೆ, ಗುದ್ದಲಿ ಹಿಡಿದು ಬಂದ.

"ಗೋಡೆ ಆಮೇಲೆ ಕಟ್ಟುವಿಯಂತೆ" ಎಂದಳು ಆಶಾರಾಣಿ. "ಮೊದಲು ಈ ಹೊಸ್ತಿಲು ಕೀಳು. ಇಲ್ಲೊಂದು ಇಳಿಜಾರು ಮಾಡು."

ಆಂಜಿ ಉದಯಕುಮಾರನ ಮುಖ ನೋಡಿದ. ಉದಯಕುಮಾರ, "ಲೇ ಆಶಾ, ತಲೆ ನೆಟ್ಟಗೈತಾ? ಹೊಸ್ತಿಲಂದ್ರೆ ಲಕ್ಷ್ಮಿ ಕಣೇ" ಎಂದ.

"ಲಕ್ಷ್ಮಿಗೆ ಬೇಜಾರಾದ್ರೆ ನಾನು ಸಮಾಧಾನ ಮಾಡ್ಕೊಂತೀನಿ. ಯುಗಾದಿಯಿಂದ ನಿಮ್ಮಮ್ಮ ಬೀದಿ ನೋಡಿಲ್ಲ. ಬಿಸಿಲು ನೋಡಿಲ್ಲ. ಆ ಕುರ್ಚೀಲಿ ಕೋಳಿ ಕೂತ್ಕೊಂಡೈತೆ. ನಿಮ್ಮಮ್ಮನ್ನೇ ಕೇಳಿ ಬೇಕಾದ್ರೆ."

ಅವನು ಒಳಗೆ ಹೋಗಿ ತಾಯಿಯನ್ನು ಕೇಳಿದ. ಆವಲಮ್ಮ ಮಗನನ್ನು ನೋಡಲಿಲ್ಲ, ಸೊಸೆಯನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಎಡಗೈ ಎತ್ತಿ ಮಂಚದ ಪಟ್ಟಿಗೆ ಪಟಪಟ ಬಡಿದಳು. ಮುದುಕಿಗೆ ಅರ್ಥವಾಗಿತ್ತು.

ಹೊಸ್ತಿಲು ಕಿತ್ತು ಬಂತು. ಆಶಾರಾಣಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಬಟ್ಟೆ ಸುತ್ತಿ, ದೇವರ ಮೂಲೆಯಲ್ಲಿ ನಿಲ್ಲಿಸಿದಳು. ಆದರೆ ಉದಯಕುಮಾರ ಗೋಡೆಯ ಹಟ ಬಿಡಲಿಲ್ಲ, ಸಂಜೆಯೊಳಗೆ ಕೊಟ್ಟಿಗೆಯ ಕಂಡಿಯೂ ಮುಚ್ಚಿಹೋಯಿತು. ದನದ ದಾರಿ ಇನ್ನಿಲ್ಲ. ಆಶಾರಾಣಿ ಜಗಲಿಗೆ ಬಂದು, ಎದುರುಮನೆಯ ವಾಣಿಶ್ರೀಗೆ ಹೇಳುವವಳಂತೆ, ಪಕ್ಕದ ಮನೆಯ ಗೋಡೆಗೂ ಕೇಳಿಸುವಷ್ಟು ಗಟ್ಟಿಯಾಗಿ ಅಂದಳು: "ನಮ್ಮನೇಲಿ ಈಗ ಹೊಸ್ತಿಲೇ ಇಲ್ಲ ಕಣೇ. ಯಾರು ಬಂದ್ರೂ ತುಳಿಯೋಕೆ ಏನೂ ಇಲ್ಲ. ಒಳಕೋಣೇದೂ ಕೀಳಿಸಿಬಿಟ್ಟೆ."

ಪಕ್ಕದ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಸೋಮವಾರ ಬೆಳಿಗ್ಗೆ ಉದಯಕುಮಾರ ಲೋಡಿಗೆ ಹೋದ ಮೇಲೆ ಆಶಾರಾಣಿ ಅತ್ತೆಯನ್ನು ಗಾಲಿ ಕುರ್ಚಿಗೆ ಕೂರಿಸಿ ಬಾಗಿಲಿನ ತನಕ ತಳ್ಳಿಕೊಂಡು ಬಂದಳು. ಮುಖದ ಮೇಲೆ ಎಳೆಬಿಸಿಲು ಬಿದ್ದಾಗ ಆವಲಮ್ಮ ಕಣ್ಣು ಕಿರಿದು ಮಾಡಿಕೊಂಡು ಬೀದಿಯ ಆ ತುದಿ ಈ ತುದಿ ನೋಡಿದಳು. ಬಸ್ಸಿನ ಹೊತ್ತಾಗುತ್ತಿತ್ತು. ಪಕ್ಕದ ಮನೆಯ ಬಾಗಿಲು ಮುಚ್ಚಿಯೇ ಇತ್ತು. ಬರದಿದ್ದರೆ ಇವತ್ತು 'ಆಗಲ್ಲ ಮೇಡಂ' ಎಂದು ಹೇಳಿ ಕೆಂಪು ದಾರ ಕಳಚಿ ಕೊಡುವುದು, ಅಷ್ಟೇ. ಆಶಾರಾಣಿ ಚಪ್ಪಲಿ ಹಾಕಿಕೊಂಡಳು, ಬಿಚ್ಚಿದಳು, ಮತ್ತೆ ಹಾಕಿಕೊಂಡಳು.

ಬಾಗಿಲು ತೆರೆಯಿತು. ಶಾಮಲಮ್ಮ ಈ ಸಲ ಪಾತ್ರೆಯನ್ನು ಸೆರಗಿನಡಿ ಮುಚ್ಚಿರಲಿಲ್ಲ, ದೋಟಿಯೂ ಇರಲಿಲ್ಲ. ನೇರ ಬೀದಿಯಲ್ಲೇ ನಡೆದು ಬಂದು ಇಳಿಜಾರಿನ ಮುಂದೆ ನಿಂತು ಹೊಸ ಸಿಮೆಂಟನ್ನು ದಿಟ್ಟಿಸಿದಳು.

"ಎಲ್ಲಿ ಹಾಕಿದೆ ಅದನ್ನ?" ಎಂದಳು.

"ದೇವರ ಹತ್ರ ಇಟ್ಟಿದ್ದೀನಿ ಚಿಕ್ಕತ್ತೆ."

"ಹೂಂ." ಹೆಬ್ಬೆರಳಿನಿಂದ ಸಿಮೆಂಟನ್ನು ಒಂದು ಸಲ ಒತ್ತಿ ನೋಡಿ, ಕೈ ಮುಗಿದು, ಒಳಗೆ ಬಂದೇಬಿಟ್ಟಳು. ಪಕ್ಕದಲ್ಲಿ ಹಾದು ಹೋಗುವಾಗ ತಗ್ಗಿದ ದನಿಯಲ್ಲಿ ಅಂದಳು: "ಹುಲ್ಲಿನ ಹಿಂದೆ ಬಚ್ಚಿಟ್ಕೊಳ್ಳೋಳು ಕತ್ತಿನ ಆ ಕೆಂಪು ದಾರ ಬಿಚ್ಚಿಟ್ಟು ಬರಬೇಕು ಕಣೇ."

ಆಶಾರಾಣಿ ಕತ್ತಿನ ದಾರ ಮುಟ್ಟಿ ನೋಡಿಕೊಂಡಳು. ಹಾಗಾದರೆ ಅವತ್ತಿನ ಆ ಮಾತೆಲ್ಲ ಯಾರಿಗೆ ಹೇಳಿದ್ದು? ಕೇಳೋಣವೆಂದರೆ ಶಾಮಲಮ್ಮ ಆಗಲೇ ಮನೆಯೆಲ್ಲ ಸುತ್ತುತ್ತಿದ್ದಳು. ದೇವರ ಮೂಲೆ ನೋಡಿದಳು, ಒಳಕೋಣೆಗೆ ಹೋಗಿ ಹಗ್ಗದ ಮೇಲಿನ ಸೀರೆಗಳನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದಳು. ಬಂದು ಗಾಲಿ ಕುರ್ಚಿಯ ಹಿಡಿಗೆ ಕೈ ಹಾಕಿದಳು.

"ನನಗೆ ಮನೇಲಿ ಹಪ್ಪಳದ ಕೆಲಸ ಐತೆ, ಇಲ್ಲೇ ಕೂರೋಕಾಗಲ್ಲ. ಇವಳನ್ನ ಅಲ್ಲಿಗೇ ಕರ್ಕೊಂಡು ಹೋಗ್ತೀನಿ."

ಆವಲಮ್ಮ ಎಡಗೈಯಿಂದ ಕುರ್ಚಿಯನ್ನು ಬಿಗಿಯಾಗಿ ಹಿಡಿದು ಬೇಡ ಬೇಡ ಎಂದು ತಲೆಯಾಡಿಸಿದಳು. ಆಣೆ ಅವಳಿಗೂ ಇತ್ತಲ್ಲ.

"ಸುಮ್ನಿರು. ತುಳಿಯೋದು ಕಾಲು. ನಿನ್ನ ಕಾಲು ಎಲ್ಲಿ ನೆಲ ಮುಟ್ಟೈತೆ?" ಶಾಮಲಮ್ಮ ತಳ್ಳಿಕೊಂಡು ಹೊರಟೇಹೋದಳು. ಕುರ್ಚಿ ಇಳಿಜಾರು ಇಳಿಯಿತು, ಬೀದಿಗೆ ಬಂತು, ಪಕ್ಕದ ಮನೆ ಬಾಗಿಲಿಗೆ ಹೋಗಿ ಗಾಲಿ ಅಲ್ಲಿಯ ಹೊಸ್ತಿಲಿಗೆ ಬಡಿದು ನಿಂತಿತು. ಶಾಮಲಮ್ಮ ಹಿಂದೆ ಎಳೆದು ಇನ್ನೊಮ್ಮೆ ನೂಕಿದಳು. ಅದು ಹತ್ತಲಿಲ್ಲ. ಆಶಾರಾಣಿ ಎತ್ತಲು ಓಡಿ ಬಂದಳು.

"ನೀನು ಬರಬೇಡ, ಬಸ್ಸು ಹೋಗುತ್ತೆ" ಎಂದಳು ಶಾಮಲಮ್ಮ. ತನ್ನ ಹೊಸ್ತಿಲನ್ನು ಒಂದು ಗಳಿಗೆ ನೋಡಿದಳು, ಕುರ್ಚಿಯನ್ನು ಬೀದಿಯ ಕಡೆಗೆ ತಿರುಗಿಸಿದಳು. "ಆ ಆಂಜಿಗೆ ಒಂದು ಫೋನ್ ಮಾಡು, ನಮ್ಮನೆಗೂ ಬಂದು ಹೋಗಲಿ. ಅಲ್ಲೀವರೆಗೆ ನಾವಿಬ್ರೂ ಬೀದೀಲೇ ಕೂತಿರ್ತೀವಿ. ಜಗಳ ಆಡಿದ್ದೂ ಇಲ್ಲೇ ಅಲ್ವಾ."

ಆಶಾರಾಣಿ ಎರಡೂ ಚಪ್ಪಲಿ ಕಾಲಲ್ಲಿ ಹಾಕಿಕೊಂಡೇ ಹೆದ್ದಾರಿ ಕಡೆ ಓಡಿದಳು. ಓಡುತ್ತ ಮೊದಲು ಆಂಜಿಗೆ ಫೋನು ಮಾಡಿದಳು, ಆಮೇಲೆ ಅರ್ಪಿತಳಿಗೆ.